ಎರಡೇ ಲೆನ್ಸ್ ಒಯ್ಯುವುದಾದರೆ: ರೇಂಜ್‌ಫೈಂಡರ್ ಹಿಡಿದವರಿಗೊಂದು ಬಹಿರಂಗ ಪತ್ರ

ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದು ಓಡಾಡುತ್ತಿರುವ ಕನ್ನಡದ ಗೆಳೆಯರೇ,

ನಿಮ್ಮಲ್ಲಿ ಕೆಲವರು ಮನೆಯ ಅಟ್ಟದಿಂದ ಇಳಿಸಿದ ಝೋರ್ಕಿಗೆ ಮತ್ತೆ ಜೀವ ಕೊಟ್ಟಿದ್ದೀರಿ. ಕೆಲವರು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಹಳೆಯ ಲೈಕಾ ಎಂ6 ತಂದುಕೊಂಡಿದ್ದೀರಿ. ಬೆಸ್ಸಾ ಇರುವವರಿದ್ದೀರಿ, ಡಿಜಿಟಲ್ ಎಂ ಇರುವವರೂ ಇದ್ದೀರಿ. ಕ್ಯಾಮೆರಾ ಯಾವುದೇ ಇರಲಿ, ಕೈಸೇರಿದ ಮೇಲೆ ಏಳುವ ಪ್ರಶ್ನೆ ಒಂದೇ: ಚೀಲದಲ್ಲಿ ಎರಡೇ ಲೆನ್ಸ್‌ಗೆ ಜಾಗವಿದ್ದರೆ ಯಾವೆರಡು? ಇದಕ್ಕೆ ಬಲ್ಲವರು ಸಾಮಾನ್ಯವಾಗಿ ಕೊಡುವ ಉತ್ತರ 35 ಮಿ.ಮೀ. ಮತ್ತು 90 ಮಿ.ಮೀ. ಬೀದಿಗೆ 35, ಮುಖಕ್ಕೆ 90, ನಡುವಿನದ್ದನ್ನು ಕಾಲು ನೋಡಿಕೊಳ್ಳುತ್ತದೆ ಎಂಬ ಲೆಕ್ಕ. ಲೆಕ್ಕವೇನೋ ಚೆನ್ನಾಗಿಯೇ ಇದೆ, ಆದರೆ ಅದು ಎಸ್‌ಎಲ್‌ಆರ್ ಕ್ಯಾಮೆರಾದಿಂದ ಬಂದದ್ದು. ರೇಂಜ್‌ಫೈಂಡರ್‌ಗೆ ಲೆನ್ಸ್ ಆರಿಸುವವರು ಮೊದಲು ಅದರ ಕಿಟಕಿಯನ್ನು, ಅಂದರೆ ವ್ಯೂಫೈಂಡರನ್ನು ನೋಡಬೇಕು. ಇಂದು ನಿಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವ ಕ್ಯಾಮೆರಾಗಳ ಕಿಟಕಿ ಚೆನ್ನಾಗಿ ತೋರಿಸುವ ವಲಯ 28 ಮಿ.ಮೀ.ನಿಂದ 50 ಮಿ.ಮೀ.ವರೆಗಿನದು. ಹಾಗಾಗಿ ಆ ವಲಯದ ಎರಡು ತುದಿಗಳನ್ನೇ, 28 ಮತ್ತು 50 ಅನ್ನೇ ಒಯ್ಯಿರಿ ಎಂಬುದು ನನ್ನ ವಾದ. ಇದನ್ನು ಬರೀ ಅಭಿರುಚಿಯ ಮಾತಾಗಿ ಹೇಳುತ್ತಿಲ್ಲ. ಅಳತೆಗಳಿವೆ, ಕ್ಯಾಮೆರಾ ತಯಾರಕರೇ ಬಿಟ್ಟುಹೋದ ಸಾಕ್ಷ್ಯವಿದೆ. ಅವನ್ನು ನಿಮ್ಮ ಮುಂದಿಡುತ್ತೇನೆ.

ಎಸ್‌ಎಲ್‌ಆರ್‌ನಲ್ಲಿ, ಒಳಗಿನ ಕನ್ನಡಿಯೊಂದರ ನೆರವಿನಿಂದ, ನೋಡುವುದೂ ಲೆನ್ಸಿನ ಮೂಲಕವೇ. 200 ಮಿ.ಮೀ. ಹಾಕಿದರೆ ದೂರದ ಗೋಪುರ ಕಿಟಕಿಯ ತುಂಬ ಬಂದು ನಿಲ್ಲುತ್ತದೆ. ರೇಂಜ್‌ಫೈಂಡರ್‌ನಲ್ಲಿ ಚಿತ್ರ ಹಿಡಿಯುವ ಲೆನ್ಸ್ ಬೇರೆ, ಕಣ್ಣಿಡುವ ಕಿಟಕಿ ಬೇರೆ. ಯಾವ ಲೆನ್ಸ್ ಹಾಕಿದರೂ ಕಿಟಕಿಯಲ್ಲಿ ಕಾಣುವ ಲೋಕ ಒಂದೇ ಗಾತ್ರದಲ್ಲಿರುತ್ತದೆ. ಬದಲಾಗುವುದು ಅದರೊಳಗೆ ಬೆಳಗುವ ಬಿಳಿ ಚೌಕಟ್ಟಷ್ಟೇ. 1984ರಲ್ಲಿ ಬಂದು 2022ರಲ್ಲಿ ಮತ್ತೆ ತಯಾರಿಗೆ ಬಂದ ಎಂ6ನಲ್ಲಿ ಈ ಚೌಕಟ್ಟುಗಳು ಜೋಡಿಜೋಡಿಯಾಗಿ ಕಾಣುತ್ತವೆ: 28ರ ಜೊತೆ 90, 35ರ ಜೊತೆ 135, 50ರ ಜೊತೆ 75. ಮೊದಲ ಜೋಡಿಯನ್ನೇ ನೋಡಿ. 28ರ ಚೌಕಟ್ಟು ಕಿಟಕಿಯ ಅಂಚಿನವರೆಗೆ ಹರಡಿರುತ್ತದೆ, 90ರದ್ದು ಅದರ ನಡುವೆ ಪುಟ್ಟದಾಗಿ ಕೂತಿರುತ್ತದೆ. ವಿಸ್ತೀರ್ಣದ ಲೆಕ್ಕ ಹಾಕಿದರೆ ಒಳಗಿನದು ಹೊರಗಿನದರ ಹತ್ತನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಅಂದರೆ 90 ಹಾಕಿದವರು ಕಿಟಕಿಯ ಹತ್ತರಲ್ಲೊಂದು ಪಾಲನ್ನು ಬಳಸಿ ಮಿಕ್ಕ ಒಂಬತ್ತು ಪಾಲನ್ನು ಮರೆಯಬೇಕು. ಅಷ್ಟು ಸಣ್ಣ ಜಾಗದಲ್ಲಿ ಎದುರಿನವರ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಎಂಬುದೂ ಸರಿಯಾಗಿ ತಿಳಿಯದು. 50ರ ಚೌಕಟ್ಟಾದರೋ ಅದೇ ಲೆಕ್ಕದಲ್ಲಿ ಮೂರನೇ ಒಂದು ಭಾಗದ ಹತ್ತಿರ ಬರುತ್ತದೆ. ಒಳಗಿನದು ಸ್ಪಷ್ಟವಾಗಿ ಕಾಣುತ್ತದೆ, ಸುತ್ತ ಸಾಕಷ್ಟು ಅಂಚೂ ಉಳಿಯುತ್ತದೆ. ಚೌಕಟ್ಟಿನ ಹೊರಗಿನಿಂದ ಯಾರು ಒಳಗೆ ಬರುತ್ತಿದ್ದಾರೆ, ಯಾವ ಆಟೊ ಅಡ್ಡ ಹಾಯಲಿದೆ ಎಂದು ಮುಂಚಿತವಾಗಿ ಕಾಣುವುದು ಈ ಬಗೆಯ ಕ್ಯಾಮೆರಾದ ದೊಡ್ಡ ಅನುಕೂಲ. ಆ ಅನುಕೂಲ 35ರಲ್ಲೂ 50ರಲ್ಲೂ ಪೂರ್ತಿಯಾಗಿ ಸಿಗುತ್ತದೆ. 90ರಲ್ಲಿ ಹೊರಗಿನದೇ ಹೆಚ್ಚಾಗಿ, ಚಿತ್ರವೇ ಕಳೆದುಹೋಗುತ್ತದೆ.

ಫೋಕಸ್‌ನ ವಿಷಯದಲ್ಲಿ ಈ ಮಿತಿ ಇನ್ನೂ ಕಟುವಾಗಿದೆ. ರೇಂಜ್‌ಫೈಂಡರ್ ದೂರವನ್ನು ಅಳೆಯುವುದು ಒಂದಕ್ಕೊಂದು ದೂರದಲ್ಲಿರುವ ಎರಡು ಕಿಟಕಿಗಳಿಂದ ಬರುವ ಬಿಂಬಗಳನ್ನು ಕೂಡಿಸಿ. ಎರಡರ ನಡುವಿನ ಅಂತರವನ್ನು ವ್ಯೂಫೈಂಡರ್‌ನ ವರ್ಧನೆಯಿಂದ ಗುಣಿಸಿದರೆ ಆ ಕ್ಯಾಮೆರಾದ ನಿಖರತೆಯ ಅಳತೆ ಸಿಗುತ್ತದೆ. ಎಂ6ನಲ್ಲಿ ಅಂತರ 69.25 ಮಿ.ಮೀ., ವರ್ಧನೆ 0.72, ಗುಣಿಸಿದರೆ ಸುಮಾರು 50 ಮಿ.ಮೀ. ಇನ್ನು ಲೆನ್ಸ್ ಎಷ್ಟು ಕೇಳುತ್ತದೆ ಎಂದು ನೋಡೋಣ. ಮನುಷ್ಯನ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ವ್ಯತ್ಯಾಸವನ್ನು ಗುರುತಿಸಬಲ್ಲದು ಎಂದೂ, ಫಿಲ್ಮಿನ ಮೇಲೆ 0.03 ಮಿ.ಮೀ. ಮಸುಕನ್ನು ಸಹಿಸಬಹುದು ಎಂದೂ ಹಿಡಿದರೆ ಸೂತ್ರ ಸರಳವಾಗುತ್ತದೆ: ಫೋಕಲ್ ಲೆಂತ್‌ನ ವರ್ಗವನ್ನು ಎಫ್ ಸಂಖ್ಯೆಯ ನೂರು ಪಟ್ಟಿನಿಂದ ಭಾಗಿಸಿ. ಎಫ್ 2ರ 35 ಮಿ.ಮೀ. ಲೆನ್ಸ್ ಕೇಳುವುದು ಆರೇ ಮಿ.ಮೀ. ಎಫ್ 1.4ರ 50 ಕೇಳುವುದು 18. ಎಫ್ 2ರ 90 ಕೇಳುವುದು 40ಕ್ಕೂ ಹೆಚ್ಚು. ಎಫ್ 2.8ರ 135 ಕೇಳುವುದು 65. ಸೂತ್ರದಲ್ಲಿ ಫೋಕಲ್ ಲೆಂತ್ ವರ್ಗವಾಗಿ ಬರುತ್ತದೆಂಬುದನ್ನು ಗಮನಿಸಿ; ಲೆನ್ಸ್ ಎರಡು ಪಟ್ಟು ಉದ್ದವಾದರೆ ಬೇಡಿಕೆ ನಾಲ್ಕು ಪಟ್ಟಾಗುತ್ತದೆ. ಕ್ಯಾಮೆರಾ ಕೊಡುವುದು 50 ಇದ್ದಾಗ 90ರ ಬೇಡಿಕೆ ಹೇಗೋ ಪೂರೈಸುತ್ತದೆ, ಆದರೆ ಕ್ಯಾಮೆರಾ ಹೊಸದಾಗಿರಬೇಕು, ಹೊಂದಾಣಿಕೆ ಒಂದಿಷ್ಟೂ ಸಡಿಲವಾಗಿರಬಾರದು, ಕಣ್ಣೂ ಚುರುಕಾಗಿರಬೇಕು. ಮೂವತ್ತು ನಲವತ್ತು ವರ್ಷ ಹಳೆಯ ಕ್ಯಾಮೆರಾದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದನ್ನು ನಂಬಿ ಕೂರಲಾಗದು. ಬೆಸ್ಸಾ ಆರ್2ಎ ಇರುವವರಿಗಂತೂ ಸಿಗುವುದೇ ಸುಮಾರು 26 ಮಿ.ಮೀ.; ಎಫ್ 2ರ 90 ಅವರ ಪಾಲಿಗೆ ಲೆಕ್ಕದಲ್ಲೇ ಇಲ್ಲ. 50ರಲ್ಲಿ ಮಾತ್ರ ಈ ಎಲ್ಲ ಕ್ಯಾಮೆರಾಗಳಿಗೂ ತಪ್ಪನ್ನು ತಾಳಿಕೊಳ್ಳುವಷ್ಟು ಅವಕಾಶ ಉಳಿದಿರುತ್ತದೆ.

ತಯಾರಕರಿಗೆ ಈ ಸಂಗತಿ ಮೊದಲಿನಿಂದಲೂ ಗೊತ್ತಿತ್ತು. ಎಫ್ 2.8ರ 135 ಮಿ.ಮೀ. ಲೆನ್ಸ್ ಮಾಡಿದಾಗ ಲೈಕಾ ಅದರ ಮೇಲೆ ದಪ್ಪನೆಯ ಕನ್ನಡಕವೊಂದನ್ನು ಕೂರಿಸಿತು. ಕಿಟಕಿಗಳ ಮುಂದೆ ಬರುವ ಆ ಗಾಜುಗಳು ಬಿಂಬವನ್ನು ಒಂದೂವರೆ ಪಟ್ಟು ಹಿಗ್ಗಿಸುತ್ತವೆ. 50 ಇದ್ದ ಅಳತೆ 75ಕ್ಕೆ ಏರಿ, ಲೆನ್ಸ್ ಕೇಳುವ 65 ಪೂರೈಸುತ್ತದೆ. ಅದಕ್ಕೂ ಉದ್ದದ ಲೆನ್ಸ್‌ಗಳಿಗಾಗಿ ವಿಸೋಫ್ಲೆಕ್ಸ್ ಎಂಬ ಕನ್ನಡಿ ಪೆಟ್ಟಿಗೆಯನ್ನು ಮಾಡಿತು. ಅದನ್ನು ಸಿಕ್ಕಿಸಿದರೆ ರೇಂಜ್‌ಫೈಂಡರ್ ಕ್ಯಾಮೆರಾ ಎಸ್‌ಎಲ್‌ಆರ್ ಆಗಿಬಿಡುತ್ತಿತ್ತು. ನಿಕಾನ್ ಕಂಪನಿ 1957ರಲ್ಲಿ 28ರಿಂದ 135ರವರೆಗೆ ಆರು ಲೆನ್ಸ್‌ಗಳ ಚೌಕಟ್ಟು ತೋರಿಸುವ ಎಸ್‌ಪಿ ಎಂಬ ಅದ್ಭುತ ರೇಂಜ್‌ಫೈಂಡರ್ ತಂದಿತು. ಎರಡೇ ವರ್ಷಕ್ಕೆ, 1959ರಲ್ಲಿ, ಅದೇ ಒಡಲಿನ ವಿನ್ಯಾಸದೊಳಗೆ ಕನ್ನಡಿ ಇಟ್ಟು ನಿಕಾನ್ ಎಫ್ ಮಾಡಿತು, ಮತ್ತು ಸುದ್ದಿಮನೆಗಳ ಕ್ಯಾಮೆರಾ ಅದೇ ಆಯಿತು. 1995ರಲ್ಲಿ ಬಂದ ಮಾಮಿಯಾ 7 ಎಂಬ ದೊಡ್ಡ ಫಿಲ್ಮಿನ ರೇಂಜ್‌ಫೈಂಡರ್‌ನದ್ದು ಇನ್ನೂ ನೇರವಾದ ಸಾಕ್ಷ್ಯ: ಅದರ 210 ಮಿ.ಮೀ. ಲೆನ್ಸ್ ಕ್ಯಾಮೆರಾದ ರೇಂಜ್‌ಫೈಂಡರ್‌ಗೆ ಜೋಡಣೆಯೇ ಆಗುವುದಿಲ್ಲ, ದೂರವನ್ನು ಅಂದಾಜು ಮಾಡಿ ಲೆನ್ಸಿನ ಮೇಲಿನ ಅಂಕಿಗೆ ತಿರುಗಿಸಿಕೊಳ್ಳಬೇಕು. ಉದ್ದದ ಲೆನ್ಸ್ ಎದುರಾದಾಗಲೆಲ್ಲ ತಯಾರಕರು ಒಂದೋ ಊರುಗೋಲು ಕೊಟ್ಟಿದ್ದಾರೆ, ಇಲ್ಲವೇ ಬೇರೆ ಬಗೆಯ ಕ್ಯಾಮೆರಾ ಮಾಡಿದ್ದಾರೆ.

ಇಲ್ಲಿ ಬಲ್ಲವರು ಒಂದು ಆಕ್ಷೇಪ ಎತ್ತಬಹುದು. 1973ರಲ್ಲಿ ಲೈಕಾ ಮತ್ತು ಮಿನೋಲ್ಟಾ ಸೇರಿ ತಂದ ಪುಟ್ಟ ಸಿಎಲ್ ಕ್ಯಾಮೆರಾಗೆ ಎಂದೇ ಎರಡು ಲೆನ್ಸ್ ಮಾಡಲಾಗಿತ್ತು, ಒಂದು 40, ಇನ್ನೊಂದು 90. ತಯಾರಕರೇ ಜೋಡಿ ಮಾಡಿ ಕೊಟ್ಟಿರುವಾಗ ನಿಮ್ಮದೇನು ತಕರಾರು? ಆ 90ರ ಎಫ್ ಸಂಖ್ಯೆ ನೋಡಿ: ಎಫ್ 4. ಸಿಎಲ್ ಕೊಡುವ ಅಳತೆ ಸುಮಾರು 19 ಮಿ.ಮೀ., ಎಫ್ 4ರ 90 ಕೇಳುವುದು 20. ಅಂಚಿಗೆ ತಂದು ನಿಲ್ಲಿಸಿ, ಇದಕ್ಕಿಂತ ಬೆಳಕಿನ ಲೆನ್ಸ್ ಈ ಕ್ಯಾಮೆರಾಗೆ ಆಗದು ಎಂದು ಅವರೇ ಹೇಳಿದಂತಾಯಿತು. ಎಫ್ 4ರ 90 ಹಗಲು ಬೆಳಕಿಗೆ ಸರಿ. ಆದರೆ ಸಂಜೆಯಲ್ಲಿ, ಮನೆಯೊಳಗೆ, ಗುಡಿಯ ನವರಂಗದಲ್ಲಿ, ಅಂದರೆ ಕನ್ನಡಿ ಹಾರದ, ಸದ್ದು ಕಡಿಮೆ ಮಾಡುವ ರೇಂಜ್‌ಫೈಂಡರ್ ತನ್ನ ಗುಣ ತೋರಿಸಬೇಕಾದ ಜಾಗಗಳಲ್ಲೇ ಅದು ಚೀಲದಲ್ಲಿ ಉಳಿಯುತ್ತದೆ.

ಅಗಲದ ಕಡೆಗೆ ತಿರುಗಿದರೆ ಚಿತ್ರವೇ ಬೇರೆ. ಕನ್ನಡಿ ಇಲ್ಲದ ಕಾರಣ ಲೆನ್ಸ್ ಫಿಲ್ಮಿಗೆ ತುಂಬಾ ಹತ್ತಿರ ಕೂರಬಲ್ಲದು. ಲೈಕಾ ಎಂ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಮುಖದಿಂದ ಫಿಲ್ಮಿಗೆ 27.8 ಮಿ.ಮೀ.; ನಿಕಾನ್ ಎಫ್‌ನಲ್ಲಿ 46.5. ಎಸ್‌ಎಲ್‌ಆರ್‌ಗೆ 28 ಮಾಡಬೇಕೆಂದರೆ ಕನ್ನಡಿಗೆ ಜಾಗ ಬಿಡಲು ಲೆನ್ಸಿನ ಮುಂದೆ ದೊಡ್ಡ ಗಾಜು ಸೇರಿಸಿ, ಬೆಳಕನ್ನು ಸುತ್ತುಬಳಸಿ ತರಬೇಕು. ರೇಂಜ್‌ಫೈಂಡರ್‌ನ 28ಕ್ಕೆ ಆ ಕಷ್ಟವಿಲ್ಲ. ಅದು ಚಿಕ್ಕದಾಗಿರುತ್ತದೆ, ನೇರ ಗೆರೆಗಳನ್ನು ನೇರವಾಗಿಯೇ ಇಡುತ್ತದೆ. ಲೈಕಾದ ಎಫ್ 2.8ರ ಎಲ್ಮಾರಿಟ್ ಆಸ್ಫೆರಿಕಲ್ ಸುಮಾರು 180 ಗ್ರಾಂ ತೂಗುತ್ತದೆ. ಅದೇ ಕಂಪನಿಯ ಎಫ್ 2ರ 90 ಸುಮಾರು 500 ಗ್ರಾಂ. ಫೋಕಸ್‌ನಲ್ಲೂ 28 ಉದಾರಿ. ಎಫ್ 8ಕ್ಕೆ ಇಟ್ಟು 3.3 ಮೀಟರಿಗೆ ಫೋಕಸ್ ಮಾಡಿದರೆ 1.6 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಅದೇ ಎಫ್ 8ರಲ್ಲಿ 90ಕ್ಕೆ ಬೇಕಾಗುವ ದೂರ 34 ಮೀಟರ್ ಹತ್ತಿರ. ಹಗಲಿನ ಸಂತೆಯಲ್ಲಿ 28 ಹಿಡಿದವರು ಫೋಕಸ್ ಉಂಗುರವನ್ನು ಮುಟ್ಟದೆಯೇ ಗಂಟೆಗಟ್ಟಲೆ ಕೆಲಸ ಮಾಡಬಹುದು.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಲೆನ್ಸ್ ಆಯ್ಕೆಯನ್ನು ಕೋನದ ಲೆಕ್ಕದಲ್ಲಿ ಮಾತಾಡುವುದು ನಮಗೆ ಅಭ್ಯಾಸವಾಗಿದೆ. ಕೆಲಸದಲ್ಲಿ ಅನುಭವಕ್ಕೆ ಬರುವುದು ಮಾತ್ರ ದೂರ: ಈ ಲೆನ್ಸ್ ಹಿಡಿದರೆ ನಾನು ಎದುರಿನವರಿಂದ ಎಷ್ಟು ದೂರ ನಿಲ್ಲಬೇಕು? ನಿಂತಿರುವ ಒಬ್ಬ ಮನುಷ್ಯನನ್ನು ಅಡ್ಡ ಚೌಕಟ್ಟಿನಲ್ಲಿ, ತಲೆಗೂ ಕಾಲಿಗೂ ಚೂರು ಜಾಗ ಬಿಟ್ಟು, ಅಂದರೆ ಎರಡು ಮೀಟರ್ ಎತ್ತರವನ್ನು ಹಿಡಿಯಬೇಕೆಂದುಕೊಳ್ಳಿ. 28ರಲ್ಲಿ 2.3 ಮೀಟರ್ ದೂರ ಸಾಕು. 35ರಲ್ಲಿ 2.9. 50ರಲ್ಲಿ 4.2. 90ರಲ್ಲಿ 7.5. ನಮ್ಮ ಮನೆಗಳ ಕೋಣೆ ಹತ್ತಡಿಗೆ ಹನ್ನೆರಡಡಿ, ಎಂದರೆ ಸುಮಾರು 3 ಮೀಟರಿಗೆ 3.6. ಅಲ್ಲಿ 50ರಲ್ಲಿ ಪೂರ್ತಿ ಮನುಷ್ಯ ಹಿಡಿಸುವುದಿಲ್ಲ, 28ರಲ್ಲಿ ಮನುಷ್ಯನೂ ಹಿಡಿಸುತ್ತಾನೆ, ಗೋಡೆಯ ಮೇಲಿನ ಹಿರಿಯರ ಪಟವೂ, ಕಿಟಕಿಯ ಬೆಳಕೂ ಬರುತ್ತವೆ. ಇನ್ನು 7.5 ಮೀಟರ್? ಅಷ್ಟು ದೂರ ನಮ್ಮ ಯಾವ ಮಾರುಕಟ್ಟೆಯ ಓಣಿಯಲ್ಲೂ ಖಾಲಿ ಇರುವುದಿಲ್ಲ. ನಿಮಗೂ ಅವರಿಗೂ ನಡುವೆ ತಲೆಗಳು ಹಾಯುತ್ತಲೇ ಇರುತ್ತವೆ. ಬಯಲಾಟದ ರಾತ್ರಿಯನ್ನು ತೆಗೆದುಕೊಳ್ಳಿ. ಯಕ್ಷಗಾನದ ಚೌಕಿಯಲ್ಲಿ ಕಲಾವಿದರು ಸಾಲಾಗಿ ನೆಲದ ಮೇಲೆ ಕೂತು, ಕೈಯಲ್ಲಿ ಸಣ್ಣ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುತ್ತಿರುತ್ತಾರೆ. ನಡುವಿನ ಜಾಗ ಕಿರಿದು, ದೀಪ ಮಂದ, ಯಾರಿಗೂ ಅಡ್ಡವಾಗುವಂತಿಲ್ಲ. ಒಂದೆಡೆ ಕುಕ್ಕರುಗಾಲಲ್ಲಿ ಕೂತು 28ರಲ್ಲಿ ನೋಡಿದರೆ ಬಣ್ಣ ಹಚ್ಚುವ ಕೈ, ಪಕ್ಕದ ಪೆಟ್ಟಿಗೆ, ಆಚೆ ಕಿರೀಟ ಕಟ್ಟಿಸಿಕೊಳ್ಳುತ್ತಿರುವವನು, ಎಲ್ಲವೂ ಒಂದರೊಡನೊಂದು ಇರುವ ಸಂಬಂಧದಲ್ಲೇ ಬರುತ್ತವೆ. ಅಲ್ಲಿಂದ ಎದ್ದು ರಂಗಸ್ಥಳದ ಬದಿಗೆ ಬಂದು ನಿಂತರೆ 50 ಬೇಕು: ವೇಷ ಒಂದೇ, ಸುತ್ತ ಕತ್ತಲು, ಎಫ್ 1.4 ಅಥವಾ ಎಫ್ 2ರ ಬೆಳಕು. ಒಂದು ಇಡೀ ರಾತ್ರಿಯ ಕೆಲಸ ಈ ಎರಡು ದೂರಗಳಲ್ಲಿ ಮುಗಿಯುತ್ತದೆ.

ಹಾಗಾದರೆ 35 ಏನು ತಪ್ಪು ಮಾಡಿತು ಎಂದು ನೀವು ಕೇಳಬೇಕು. 35 ತಪ್ಪು ಮಾಡಿಲ್ಲ. ಒಂದೇ ಲೆನ್ಸ್ ಒಯ್ಯುವುದಾದರೆ ನಾನೂ ಅದನ್ನೇ ಒಯ್ಯಿರಿ ಎನ್ನುತ್ತೇನೆ. ಆದರೆ ಅದು ಜೋಡಿಗೆ ಒದಗುವುದಿಲ್ಲ. 35ರ ಜೊತೆ 50 ಇಟ್ಟರೆ ಎರಡೂ ತೀರಾ ಹತ್ತಿರ: 35ರಲ್ಲಿ ಎರಡು ಮೀಟರಿನಿಂದ ಕಂಡ ಮನುಷ್ಯ ಅದೇ ಗಾತ್ರದಲ್ಲಿ 50ರಲ್ಲಿ ಕಾಣಬೇಕಾದರೆ ಒಂದು ಮೀಟರಿಗಿಂತ ಕಡಿಮೆ ಹಿಂದೆ ಸರಿದರೆ ಆಯಿತು. ಅದು ಒಂದು ಹೆಜ್ಜೆ. ಲೆನ್ಸ್ ಬದಲಿಸುವಷ್ಟರಲ್ಲಿ ಆ ಹೆಜ್ಜೆ ಇಟ್ಟು ಚಿತ್ರ ತೆಗೆದು ಮುಗಿಸಿರಬಹುದು. ಡಿಜಿಟಲ್‌ನಲ್ಲಾದರೆ 35ರ ಚಿತ್ರವನ್ನು 50ರಷ್ಟಕ್ಕೆ ಕತ್ತರಿಸಿದರೂ ಸುಮಾರು ಅರ್ಧ ಉಳಿಯುತ್ತದೆ. 24 ಮೆಗಾಪಿಕ್ಸೆಲ್‌ನಲ್ಲಿ 12 ಉಳಿದರೆ ದೊಡ್ಡ ಪ್ರಿಂಟಿಗೂ ಸಾಕು. 35ರ ಜೊತೆ 75 ಅಥವಾ 90 ಇಟ್ಟರೆ ಮೇಲೆ ಹೇಳಿದ ಕಿಟಕಿಯ ತೊಂದರೆ. 28 ಮತ್ತು 50ರ ನಡುವಿನ ಅನುಪಾತ 1.8 ಹತ್ತಿರ. ಎದುರಿನ ಮನುಷ್ಯನ ಗಾತ್ರ ಒಂದೇ ಇರುವಂತೆ ನಿಂತು ನೋಡಿದರೆ, ಅವನ ಹಿಂದೆ ದೂರದಲ್ಲಿ ಕಾಣುವ ಊರು 28ರಲ್ಲಿ 50ಕ್ಕಿಂತ ಮೂರು ಪಟ್ಟು ಹೆಚ್ಚು ಜಾಗದ್ದು. ಇಲ್ಲಿ ಚಿತ್ರದ ಅರ್ಥವೇ ಬದಲಾಗುತ್ತದೆ: ಒಂದರಲ್ಲಿ ಊರಿನೊಳಗಿನ ಮನುಷ್ಯ, ಇನ್ನೊಂದರಲ್ಲಿ ಮನುಷ್ಯನೇ. 28ರ ಚಿತ್ರವನ್ನು 50ರಷ್ಟಕ್ಕೆ ಕತ್ತರಿಸಿದರೆ ಉಳಿಯುವುದು ಶೇ. 31 ಮಾತ್ರ. ಫಿಲ್ಮಿನಲ್ಲಾದರೆ ಕಣಗಳು ಎದ್ದು ಕೂರುತ್ತವೆ. ಲೈಕಾ 1998ರಲ್ಲಿ ಮೂರು ಫೋಕಲ್ ಲೆಂತ್‌ಗಳನ್ನು ಒಂದೇ ಕೊಳವೆಯೊಳಗೆ ಸೇರಿಸಿ ಟ್ರೈ-ಎಲ್ಮಾರ್ ಎಂಬ ಲೆನ್ಸ್ ತಂದಾಗ ಆರಿಸಿಕೊಂಡದ್ದು 28, 35, 50. ತುದಿಗಳು ಎಲ್ಲಿವೆ ನೋಡಿ. ಅದು ಎಫ್ 4 ಆದ್ದರಿಂದ ರಾತ್ರಿಗೆ ಒದಗುವುದಿಲ್ಲ, ಇಲ್ಲದಿದ್ದರೆ ಈ ಪತ್ರದ ಅಗತ್ಯವೇ ಬೀಳುತ್ತಿರಲಿಲ್ಲ.

ಮುಖಚಿತ್ರದ ಆಕ್ಷೇಪಕ್ಕೆ ಗಂಭೀರವಾಗಿ ಉತ್ತರಿಸಬೇಕು, ಏಕೆಂದರೆ 90 ಕೊಳ್ಳುವವರೆಲ್ಲ ಕೊಡುವ ಕಾರಣ ಅದೇ. ಮೂಗು ದೊಡ್ಡದಾಗಿ ಕಾಣುವುದು, ಕಿವಿ ಹಿಂದೆ ಸರಿಯುವುದು ಲೆನ್ಸಿನಿಂದ ಆಗುವುದಲ್ಲ, ನಿಂತ ದೂರದಿಂದ ಆಗುವುದು. ಒಂದೂವರೆ ಮೀಟರಿನಿಂದ 50ರಲ್ಲಿ ತೆಗೆದರೂ 90ರಲ್ಲಿ ತೆಗೆದರೂ ಮುಖದ ಪ್ರಮಾಣ ಒಂದೇ. ಆ ದೂರದಿಂದ 50ರ ಉದ್ದ ಚೌಕಟ್ಟಿನಲ್ಲಿ ಒಂದು ಮೀಟರಿಗೂ ತುಸು ಹೆಚ್ಚು ಎತ್ತರ ಬರುತ್ತದೆ: ತಲೆಯಿಂದ ಸೊಂಟದವರೆಗೆ, ಮಡಿಲಲ್ಲಿಟ್ಟ ಕೈಗಳೂ ಸೇರಿ. ಮನುಷ್ಯರನ್ನು ತಿಳಿಸುವುದರಲ್ಲಿ ಕೈಗಳದ್ದು ದೊಡ್ಡ ಪಾಲು, ಅವು ಬಂದದ್ದು ಲಾಭವೇ. ಹಾಗೆಯೇ ಎಫ್ 2ರಲ್ಲಿ, ಒಂದೂವರೆ ಮೀಟರ್ ದೂರದಲ್ಲಿ, 90 ಕೊಡುವ ಸ್ಪಷ್ಟತೆಯ ಆಳ ಸುಮಾರು 3 ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿ ಕ್ಯಾಮೆರಾ ಒಂದಿಷ್ಟು ಓರೆ ಮಾಡುವುದರೊಳಗೆ, ಎದುರಿನವರು ನಕ್ಕು ಮುಂದೆ ಬಾಗುವುದರೊಳಗೆ ಅದು ತಪ್ಪಿರುತ್ತದೆ. 50ರಲ್ಲಿ ಆಳ ಸುಮಾರು 10 ಸೆಂಟಿಮೀಟರ್. ಮುಖವಿಡೀ ಅದರೊಳಗೆ ನಿಲ್ಲುತ್ತದೆ. ಒಂದು ನಷ್ಟವನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ಹಣೆಯಿಂದ ಗಲ್ಲದವರೆಗೆ ಚೌಕಟ್ಟು ತುಂಬುವ ಬಿಗಿಯಾದ ಮುಖ 50ರಲ್ಲಿ ಬಾರದು. ಹೆಚ್ಚಿನ ಲೆನ್ಸ್‌ಗಳು 0.7 ಮೀಟರಿಗೆ ನಿಂತುಬಿಡುತ್ತವೆ, ಹಳೆಯವು ಒಂದು ಮೀಟರಿಗೇ. ಅಂಥ ಚಿತ್ರವೇ ನಿಮ್ಮ ಮುಖ್ಯ ಕೆಲಸವಾಗಿದ್ದರೆ ನಿಮಗೆ ಬೇಕಾದದ್ದು ಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ. ರೇಂಜ್‌ಫೈಂಡರ್‌ಗೆ 90 ಹಾಕಿ ಅದನ್ನು ಸಾಧಿಸಲು ಹೊರಟರೆ ಸೋಲುವವರು ನೀವು, ದೂರು ಕೇಳುವುದು ಕ್ಯಾಮೆರಾ.

ನಮ್ಮ ನಾಡಿನವರಿಗೆ ಉದ್ದ ಲೆನ್ಸಿನ ಮೇಲೆ ಇರುವ ಒಲವಿಗೆ ಇನ್ನೊಂದು ಹಿನ್ನೆಲೆ ಇದೆ ಎಂದು ನನಗನ್ನಿಸುತ್ತದೆ. ಕರ್ನಾಟಕದ ಛಾಯಾಗ್ರಹಣಕ್ಕೆ ದೊಡ್ಡ ಹೆಸರು ತಂದವರಲ್ಲಿ ಕಾಡಿನ ಛಾಯಾಗ್ರಾಹಕರು ಮುಂಚೂಣಿಯಲ್ಲಿದ್ದಾರೆ: ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್. ಅವರ ಪ್ರಭಾವದಲ್ಲಿ ಬೆಳೆದ ಸಂಘ, ಸಲಾನ್‌ಗಳಲ್ಲಿ ಕಣ್ಣು ಪಳಗಿಸಿಕೊಂಡವರಿಗೆ ‘ದೂರದ್ದನ್ನು ಹತ್ತಿರ ತರುವುದು’ ಲೆನ್ಸಿನ ಮೊದಲ ಕೆಲಸವೆಂದು ತೋರುವುದು ಸಹಜ. ಹುಲಿಯ ಹತ್ತಿರ ನಡೆದು ಹೋಗಲಾಗದು, ಅಲ್ಲಿ ಆ ಮಾತು ಸರಿ. ಮನುಷ್ಯರ ಹತ್ತಿರ ನಡೆದು ಹೋಗಬಹುದು. ಹೋದರೆ ಮಾತಾಡಬೇಕಾಗುತ್ತದೆ, ಕೆಲವೊಮ್ಮೆ ‘ಬೇಡಪ್ಪಾ’ ಅನ್ನಿಸಿಕೊಳ್ಳಬೇಕಾಗುತ್ತದೆ. ಹೂವು ಕಟ್ಟುವ ಅಮ್ಮನನ್ನು ರಸ್ತೆಯಾಚೆಯಿಂದ 90ರಲ್ಲಿ ಹಿಡಿದರೆ ಅವರಿಗೆ ಬೇಡವೆನ್ನುವ ಅವಕಾಶವೇ ಇರುವುದಿಲ್ಲ. 28ರಲ್ಲೂ 50ರಲ್ಲೂ ನೀವು ಅವರ ಮಾತಿಗೆ ಸಿಗುವ ದೂರದಲ್ಲಿರುತ್ತೀರಿ. ಸಂಕೋಚದ ಸ್ವಭಾವದವರಿಗೆ ಇದು ಕಷ್ಟವೆಂದು ಬಲ್ಲೆ. ಅಂಥವರು 50ರಿಂದ ಶುರುಮಾಡಲಿ. ನಾಲ್ಕು ಮೀಟರ್ ಗೌರವದ ದೂರವೇ ಸರಿ.

ಎದುರು ದಿಕ್ಕಿನಿಂದ ಬರುವ ಆಕ್ಷೇಪ ಒಂದೇ ಲೆನ್ಸ್ ಪಂಥದವರದು. ಹೆನ್ರಿ ಕಾರ್ಟಿಯೆ-ಬ್ರೆಸಾಂ ಬಹುತೇಕ 50ರಲ್ಲೇ ಕೆಲಸ ಮಾಡಿದ, ಗ್ಯಾರಿ ವಿನೋಗ್ರಾಂಡ್ ಎಂ4ಗೆ 28 ಹಾಕಿಕೊಂಡು ನ್ಯೂಯಾರ್ಕಿನ ಬೀದಿಗಳನ್ನು ಸುತ್ತಿದ, ನಿಮಗೆ ಎರಡೇಕೆ ಎಂದು ಅವರು ಕೇಳುತ್ತಾರೆ. ನಿಜ, ಕಾರ್ಟಿಯೆ-ಬ್ರೆಸಾಂ 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅಂತ್ಯಯಾತ್ರೆಯನ್ನೂ, 1950ರಲ್ಲಿ ತಿರುವಣ್ಣಾಮಲೈಯಲ್ಲಿ ರಮಣರ ಕೊನೆಯ ದಿನಗಳನ್ನೂ ಚಿತ್ರಿಸಿದ್ದು ಪುಟ್ಟ ಲೈಕಾದ ಬಲದಿಂದಲೇ. ಆದರೆ ಆತನ ಚೀಲದಲ್ಲೂ 35 ಮತ್ತು 90 ಇರುತ್ತಿದ್ದವು, ಅಪರೂಪಕ್ಕೆ ಬಳಕೆಗೆ ಬರುತ್ತಿದ್ದವು. ನನಗೆ ಮುಖ್ಯವೆನಿಸುವುದು ಬೇರೆ ಸಂಗತಿ: ಈ ಇಬ್ಬರು ದಿಗ್ಗಜರು ಆರಿಸಿಕೊಂಡ ಲೆನ್ಸ್‌ಗಳು ನಾನು ಹೇಳುತ್ತಿರುವ ವಲಯದ ಎರಡು ತುದಿಗಳೇ. ಇಬ್ಬರೂ ಬಾಳಿನುದ್ದಕ್ಕೂ ಮನುಷ್ಯರಿಂದ ಎಷ್ಟು ದೂರ ನಿಲ್ಲಬೇಕೆಂದು ತೀರ್ಮಾನಿಸಿಕೊಂಡಿದ್ದರು. ಆ ತೀರ್ಮಾನಕ್ಕೆ ಇನ್ನೂ ಬಾರದ ನಿಮಗೆ ಎರಡೂ ದೂರಗಳ ಪರಿಚಯ ಬೇಕು. ಪರಿಚಯವಾದ ಮೇಲೆ ಒಂದನ್ನು ಮನೆಯಲ್ಲಿ ಬಿಟ್ಟರೆ ನನ್ನ ತಕರಾರಿಲ್ಲ. ಹಾಗೆಂದು ಐದು ನಿಮಿಷಕ್ಕೊಮ್ಮೆ ಲೆನ್ಸ್ ಬದಲಿಸುತ್ತಾ ನಿಲ್ಲಬೇಡಿ. ಬೆಳಗಿನ ಸಂತೆಗೆ 28, ಸಂಜೆಯ ಜಗಲಿಗೆ 50 ಎಂಬಂತೆ ಹೊತ್ತಿಗೊಂದು ಹಾಕಿಕೊಂಡರೆ ಡಿಜಿಟಲ್ ಸೆನ್ಸರಿಗೆ ಧೂಳು ಕೂರುವುದೂ ಕಡಿಮೆ, ಕಣ್ಣಿಗೂ ಒಂದೇ ಚೌಕಟ್ಟಿನ ಅಭ್ಯಾಸ ನಿಲ್ಲುತ್ತದೆ.

ಕನ್ನಡಕ ಹಾಕುವವರ ಕಷ್ಟ ನಿಜವಾದದ್ದು. 0.72 ವರ್ಧನೆಯ ಕಿಟಕಿಯಲ್ಲಿ 28ರ ಚೌಕಟ್ಟಿನ ನಾಲ್ಕೂ ಅಂಚು ಅವರಿಗೆ ಒಮ್ಮೆಗೇ ಕಾಣುವುದಿಲ್ಲ. ಮೂರು ದಾರಿಗಳಿವೆ. ಕಣ್ಣಿನ ಪವರಿಗೆ ತಕ್ಕ ಪುಟ್ಟ ಗಾಜನ್ನು ಕಿಟಕಿಯ ಹಿಂದೆ ತಿರುಗಿಸಿ ಹಾಕಿಕೊಳ್ಳಬಹುದು. ಫ್ಲ್ಯಾಶ್ ಸಿಕ್ಕಿಸುವ ಜಾಗದಲ್ಲಿ 28ರ ಪ್ರತ್ಯೇಕ ಫೈಂಡರ್ ಇಟ್ಟುಕೊಳ್ಳಬಹುದು. ಫೋಕಸ್ ಒಂದೆಡೆ, ಚೌಕಟ್ಟು ಇನ್ನೊಂದೆಡೆ ಎಂಬ ತೊಡಕು ಬೇರೆ ಲೆನ್ಸಿಗೆ ದೊಡ್ಡದು, ಎಫ್ 8ರಲ್ಲಿ 1.6 ಮೀಟರಿನಿಂದ ಆಚೆಗೆಲ್ಲ ಸ್ಪಷ್ಟವಿರುವ 28ಕ್ಕೆ ಚಿಕ್ಕದು. ಮೂರನೆಯದು ಅತಿ ಸರಳ: ಕನ್ನಡಕದ ಮೂಲಕ ಕಂಡದ್ದೆಲ್ಲ ಚಿತ್ರದಲ್ಲಿ ಇದ್ದೇ ಇರುತ್ತದೆ, ಅದರಾಚೆ ಇನ್ನೂ ಸ್ವಲ್ಪ ಬರುತ್ತದೆ ಎಂದು ತಿಳಿದು ತೆಗೆಯುವುದು.

ನನ್ನ ಲೆಕ್ಕ ಎಲ್ಲ ಕ್ಯಾಮೆರಾಗೂ ಒಂದೇ ಅಲ್ಲ. ಕಿಟಕಿಯೇ ಜೋಡಿಯನ್ನು ನಿರ್ಧರಿಸಬೇಕೆಂದ ಮೇಲೆ ಕಿಟಕಿ ಬದಲಾದರೆ ಜೋಡಿಯೂ ಬದಲಾಗಬೇಕು. 1954ರ ಎಂ3 ಇರುವವರ ಕಿಟಕಿಯ ವರ್ಧನೆ 0.91, ನಿಖರತೆಯ ಅಳತೆ 62 ಮಿ.ಮೀ., ಚೌಕಟ್ಟುಗಳು 50, 90, 135. ಅದರಲ್ಲಿ 35ಕ್ಕೇ ಚೌಕಟ್ಟಿಲ್ಲ, ಹಾಗಾಗಿ ಅದಕ್ಕೆ 50 ಮತ್ತು 90 ನ್ಯಾಯವಾದ ಜೋಡಿ. ನನ್ನ ಮಾತು ಕೇಳಿ ಅದಕ್ಕೆ 28 ಕಟ್ಟಬೇಡಿ. ಎಂ8ನ ಸೆನ್ಸರ್ ಚಿಕ್ಕದು, ಲೆನ್ಸಿನ ಅಂಕಿಯನ್ನು 1.33ರಿಂದ ಗುಣಿಸಬೇಕು, ಅಲ್ಲಿ 28 ಮತ್ತು 50ರ ಕೆಲಸವನ್ನು 21 ಮತ್ತು 35 ಮಾಡುತ್ತವೆ, 21ಕ್ಕೆ ಹೊರಗಿನ ಫೈಂಡರ್ ಬೇಕು. ಝೋರ್ಕಿ 4 ಇರುವವರ ಕಿಟಕಿ ತೋರಿಸುವುದು 50ರ ನೋಟ ಒಂದನ್ನೇ. ಜುಪಿಟರ್-8 ಎಂಬ ಎಫ್ 2ರ 50 ಅದಕ್ಕೆ ತಕ್ಕ ಲೆನ್ಸ್. ಅಗಲಕ್ಕೆ ಸುಲಭವಾಗಿ ಸಿಗುವುದು ಜುಪಿಟರ್-12, ಅದು 35. ಹೊರಗಿನ ಫೈಂಡರ್ ಜೊತೆಗಿಟ್ಟು ಅದನ್ನೇ ನಿಮ್ಮ ಅಗಲದ ತುದಿಯೆಂದು ಸ್ವೀಕರಿಸಿ. ಅದರ ಹಿಂಬದಿಯ ಗಾಜು ಕ್ಯಾಮೆರಾದೊಳಕ್ಕೆ ಆಳವಾಗಿ ಚಾಚಿರುತ್ತದೆ, ಹಾಕುವಾಗ ತೆಗೆಯುವಾಗ ತಾಗದಂತೆ ನೋಡಿಕೊಳ್ಳಿ.

ದುಡ್ಡಿನ ಮಾತು ಉಳಿಯಿತು. ಮೊದಲು 50 ಕೊಳ್ಳಿ. ಬೆಳಕಿಗೂ ಬೆಲೆಗೂ ಹೋಲಿಸಿದರೆ ಅದರಷ್ಟು ಅಗ್ಗ ಇನ್ನೊಂದಿಲ್ಲ, ಎಫ್ 2 ಇದ್ದರೆ ಸಾಕು. ಎರಡನೆಯದಾಗಿ 28, ಅದಕ್ಕೆ ಎಫ್ 2.8 ಸಾಕು, ಎಫ್ 2ಕ್ಕೆ ಕೊಡುವ ಹೆಚ್ಚಿನ ಹಣವನ್ನು ಫಿಲ್ಮಿಗೆ ಖರ್ಚು ಮಾಡಿ. ಲೈಕಾ ಹೆಸರೇ ಆಗಬೇಕೆಂದಿಲ್ಲ, ಜಪಾನಿನ ಕೊಸಿನಾ ಮಾಡುವ ಫೋಗ್ಟ್‌ಲ್ಯಾಂಡರ್, ಝೈಸ್ ಲೆನ್ಸ್‌ಗಳು ಎಂ ಕ್ಯಾಮೆರಾಗೆ ಅಚ್ಚುಕಟ್ಟಾಗಿ ಕೂರುತ್ತವೆ. ಆದರೆ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಎಂ6ನಂಥ ಕ್ಯಾಮೆರಾಗಳಲ್ಲಿ ಲೆನ್ಸಿನ ಪಕ್ಕ ಒಂದು ಸಣ್ಣ ಸನ್ನೆ ಇರುತ್ತದೆ. ಅದನ್ನು ಸರಿಸಿದರೆ ಲೆನ್ಸ್ ಬದಲಿಸದೆಯೇ ಬೇರೆ ಚೌಕಟ್ಟುಗಳು ಕಾಣುತ್ತವೆ. ಒಂದು ವಾರ ನೀವು ಹೋಗುವ ಜಾಗಗಳಲ್ಲೆಲ್ಲ, ನಿಂತಲ್ಲಿಂದ ಕದಲದೆ ಸನ್ನೆಯನ್ನು ಆಚೀಚೆ ಸರಿಸಿ ನೋಡಿ: 28ರಲ್ಲಿ ಏನು ಬಂತು, 50ರಲ್ಲಿ ಏನು ಉಳಿಯಿತು, 90ರ ಪುಟ್ಟ ಚೌಕಟ್ಟಿನಲ್ಲಿ ಎದುರಿನವರ ಕಣ್ಣು ಕಂಡಿತೇ. ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ನಿಮ್ಮ ಸಂಘದ ಮುಂದಿನ ಸಭೆಗೆ ಅದನ್ನು ತನ್ನಿ. 90 ನಿಜವಾಗಿಯೂ ಬೇಕಾಗಿತ್ತೆಂದು ಆ ಪುಟಗಳು ತೋರಿಸಿದರೆ 90ನ್ನೇ ಕೊಳ್ಳಿ.

ಇಂತಿ,
ನಿಮ್ಮೊಡನೆ ಅದೇ ಕಿಟಕಿಯಲ್ಲಿ ಕಣ್ಣಿಡುವ
ಒಬ್ಬ ಛಾಯಾಗ್ರಾಹಕ